ಬುತ್ತಿ ಮತ್ತು ವೇಳಾಪಟ್ಟಿ

ಬ್ರಾಮ್ ಸ್ಟೋಕರನ 'ಡ್ರಾಕುಲಾ' ಎಂದರೆ ಎಲ್ಲರಿಗೂ ರಕ್ತ ಹೀರುವ ಪಿಶಾಚಿ ನೆನಪಾಗುತ್ತದೆ. ನನಗೆ ನೆನಪಾಗುವವಳು ಮೀನಾ ಹಾರ್ಕರ್. 1897ರ ಆ ಕಾದಂಬರಿಯಲ್ಲಿ ಅವಳಿಗೊಂದು ವಿಚಿತ್ರ ಹುಚ್ಚು: ರೈಲಿನ ವೇಳಾಪಟ್ಟಿ ಬಾಯಿಪಾಠ ಮಾಡುವುದು. ಗಂಡನಿಗೆ ಅನುಕೂಲವಾಗಲಿ ಎಂದು ಮನೆಯಲ್ಲಿ ಕೂತು ಕಲಿತ ವಿದ್ಯೆ. ಪಿಶಾಚಿಯ ಬೆನ್ನು ಹತ್ತಿದವರೆಲ್ಲ ಕಪ್ಪು ಸಮುದ್ರದ ದಂಡೆಯ ವಾರ್ನಾದಲ್ಲಿ ಕೈಚೆಲ್ಲಿ ಕೂತಾಗ, ಮುಂದಿನ ಗಾಡಿ ಎಷ್ಟು ಹೊತ್ತಿಗೆ ಎಂಬ ಪ್ರಶ್ನೆ ಏಳುತ್ತದೆ. ಡಾಕ್ಟರು, ವಕೀಲರು, ಜಹಗೀರದಾರರು ಇದ್ದ ಆ ಗಂಡಸರ ಗುಂಪಿನಲ್ಲಿ ಥಟ್ಟನೆ ಉತ್ತರ ಕೊಡುವವಳು ಮೀನಾ ಒಬ್ಬಳೇ.

ನಮ್ಮ ಮನೆಯಲ್ಲಿ ವೇಳಾಪಟ್ಟಿ ಗಂಡಸರ ವಸ್ತುವಾಗಿತ್ತು. ಮೊದಲು ಅಪ್ಪನ ಕೋಟಿನ ಕಿಸೆಯಲ್ಲಿ, ಮದುವೆಯಾದ ಮೇಲೆ ನಮ್ಮವರ ಮೇಜಿನ ಖಾನೆಯಲ್ಲಿ. ಅವ್ವನ ಪಾಲಿಗೂ ನನ್ನ ಪಾಲಿಗೂ ಬಂದದ್ದು ಬುತ್ತಿ. ಚಪಾತಿ, ಶೇಂಗಾ ಚಟ್ನಿ, ಮೊಸರನ್ನ, ತಂಬಿಗೆಯಲ್ಲಿ ನೀರು. ಮೀಟರ್ ಗೇಜಿನ ಆ ಕಾಲದಲ್ಲಿ ಮುಂಬಯಿಗೆ ಹೊರಟರೆ ಮೀರಜಿನಲ್ಲಿ ಗಾಡಿ ಬದಲಿಸಬೇಕಿತ್ತು. ಮುಂದಿನ ಗಾಡಿ ಎಷ್ಟು ಹೊತ್ತಿಗೆ, ಯಾವ ಪ್ಲಾಟ್‌ಫಾರ್ಮಿಗೆ ಎಂದು ಅವ್ವ ಎಂದೂ ಕೇಳಿದ್ದಿಲ್ಲ. ಅಪ್ಪ ಎದ್ದರೆ ಏಳುವುದು, ನಡೆದರೆ ಹಿಂದೆ ನಡೆಯುವುದು. ನಾನೂ ಅದನ್ನೇ ಮೂವತ್ತು ವರ್ಷ ಮಾಡಿದೆ. ನಮ್ಮವರು ತೀರಿಕೊಂಡ ಮೇಲೆ ಖಾನೆಯಲ್ಲಿದ್ದ ಆ ಹಳೆಯ ಪುಸ್ತಕಗಳನ್ನು ತೆಗೆದು ನೋಡಿದೆ. ಅದೇನು ಬ್ರಹ್ಮವಿದ್ಯೆಯಲ್ಲ. ಎಡಗಡೆ ಊರು, ಮೇಲೆ ಗಾಡಿಯ ನಂಬರು, ಕೆಳಗೆ ವೇಳೆ. ಹೆಣಿಗೆಯ ವಿನ್ಯಾಸದ ಪುಸ್ತಕ ಓದಬಲ್ಲವಳಿಗೆ ಇದೇನು ಮಹಾ!

ಈ ಪುಸ್ತಕದ ಮೂಲಪುರುಷ ಜಾರ್ಜ್ ಬ್ರಾಡ್‌ಶಾ. ಮ್ಯಾಂಚೆಸ್ಟರಿನಲ್ಲಿ ನಕಾಶೆ ಕೆತ್ತಿ ಮುದ್ರಿಸುತ್ತಿದ್ದ. ಬೇರೆ ಬೇರೆ ಕಂಪನಿಗಳ ಗಾಡಿಗಳ ವೇಳೆಯನ್ನೆಲ್ಲ ಒಟ್ಟುಗೂಡಿಸಿ 1839ರಲ್ಲಿ ಸಣ್ಣದೊಂದು ಪುಸ್ತಕ ಮಾಡಿದ. ಈಗ ಸುಲಭ ಅನ್ನಿಸುತ್ತದೆ. ಆದರೆ ಆಗ ಇಂಗ್ಲೆಂಡಿನ ಒಂದೊಂದು ಊರಿಗೂ ಒಂದೊಂದು ಗಡಿಯಾರ. ಸೂರ್ಯ ನೆತ್ತಿಗೆ ಬಂದಾಗ ಆ ಊರಿಗೆ ಹನ್ನೆರಡು. ಲಂಡನ್ನಿಗಿಂತ ಬ್ರಿಸ್ಟಲ್ ಹತ್ತು ನಿಮಿಷ ಹಿಂದೆ. ಎತ್ತಿನ ಬಂಡಿಗೆ ಹತ್ತು ನಿಮಿಷ ಏನೂ ಅಲ್ಲ, ರೈಲಿಗೆ ಹತ್ತು ನಿಮಿಷ ಎಂದರೆ ಗಾಡಿ ತಪ್ಪಿದಂತೆಯೇ. ಹೀಗೆ ವೇಳಾಪಟ್ಟಿಯೇ ಗಡಿಯಾರಗಳನ್ನು ತಿದ್ದಿತು. ನಮ್ಮಲ್ಲೂ 1870ರಿಂದ ರೈಲುಗಳು ಮದ್ರಾಸಿನ ವೇಳೆಗೆ ಓಡುತ್ತಿದ್ದವು. ಇಡೀ ದೇಶಕ್ಕೊಂದು ವೇಳೆ ಎಂದಾದದ್ದು 1906ರಲ್ಲಿ.

ಬ್ರಾಡ್‌ಶಾ 1847ರಲ್ಲಿ ಯುರೋಪಿನ ದೇಶಗಳಿಗೂ ಒಂದು ಪುಸ್ತಕ ತಂದ. ಜೂಲ್ಸ್ ವರ್ನ್‌ನ ಕಥಾನಾಯಕ ಫಿಲಿಯಾಸ್ ಫಾಗ್ ಎಂಬತ್ತು ದಿನಗಳಲ್ಲಿ ಜಗತ್ತು ಸುತ್ತಲು ಹೊರಟಾಗ ಕಂಕುಳಲ್ಲಿ ಇಟ್ಟುಕೊಂಡದ್ದು ಅದನ್ನೇ. ಪಾಪ, ಬ್ರಾಡ್‌ಶಾ 1853ರಲ್ಲಿ ನಾರ್ವೆಯ ಪ್ರವಾಸದಲ್ಲಿದ್ದಾಗ ಕಾಲರಾ ತಗಲಿ ತೀರಿಕೊಂಡ. ಊರೂರಿಗೆ ದಾರಿ ತೋರಿಸಿದವನ ಸಮಾಧಿ ಪರದೇಶದಲ್ಲಿದೆ.

ಹೆಂಗಸರ ದೃಷ್ಟಿಯಿಂದ ನೋಡಿದರೆ ಬ್ರಾಡ್‌ಶಾನಿಗಿಂತ ಥಾಮಸ್ ಕುಕ್‌ನೇ ದೊಡ್ಡವನು ಅನ್ನಬೇಕು. ಕುಡಿತದ ವಿರುದ್ಧ ಪ್ರಚಾರ ಮಾಡುತ್ತಿದ್ದ ಈತ 1841ರಲ್ಲಿ ಲೆಸ್ಟರ್‌ನಿಂದ ಲಫ್‌ಬರೋಕ್ಕೆ ತಲೆಗೆ ಒಂದು ಶಿಲಿಂಗಿನಂತೆ ಸುಮಾರು ಐನೂರು ಜನರನ್ನು ಪಾನನಿರೋಧದ ಸಭೆಗೆ ರೈಲಿನಲ್ಲಿ ಕರೆದೊಯ್ದ. ಅಲ್ಲಿಂದ ಶುರುವಾದದ್ದು 1863ರ ಹೊತ್ತಿಗೆ ಸ್ವಿಟ್ಜರ್‌ಲ್ಯಾಂಡ್ ಮುಟ್ಟಿತು. ಟಿಕೇಟು, ಹೋಟೆಲು, ದಾರಿ ಎಲ್ಲದರ ಹೊಣೆ ಕುಕ್‌ನದು. ಗಂಡನೋ ಅಪ್ಪನೋ ಜೊತೆಗಿರಲೇಬೇಕೆಂಬ ಕಟ್ಟು ಇದರಿಂದ ಸಡಿಲಾಯಿತು. ಮದುವೆಯಾಗದವರು, ವಿಧವೆಯರು ಅವನ ತಂಡಗಳಲ್ಲಿ ಸೇರಿ ಹೊರಟರು.

ಸ್ವಿಟ್ಜರ್‌ಲ್ಯಾಂಡಿನ ಆ ಮೊದಲ ತಂಡದಲ್ಲಿ ಯಾರ್ಕ್‌ಶೈರಿನ ಜೆಮೈಮಾ ಮೊರೆಲ್ ಎಂಬಾಕೆ ಇದ್ದಳು. ಪ್ಯಾರಿಸ್ಸಿನಿಂದ ರೈಲಿನಲ್ಲಿ ಹೋಗಿ, ಮುಂದೆ ಕುದುರೆಗಾಡಿ, ಹೇಸರಗತ್ತೆ, ಕೊನೆಗೆ ಕಾಲ್ನಡಿಗೆ. ನೆಲಮುಟ್ಟುವ ಲಂಗದಲ್ಲಿ ಹಿಮನದಿಯ ಮೇಲೆ ನಡೆದ ಹೆಂಗಸರು ಅವರು! ಅದನ್ನೆಲ್ಲ ಆಕೆ ತನ್ನ ಗೆಳೆಯರ ಬಳಗಕ್ಕಾಗಿ ನಗುನಗುತ್ತ ದಿನಚರಿಯಲ್ಲಿ ಬರೆದಿಟ್ಟಳು. ಆ ದಿನಚರಿ ಎಲ್ಲೋ ಕಳೆದುಹೋಗಿ, ಎರಡನೆಯ ಮಹಾಯುದ್ಧದ ನಂತರ ಲಂಡನ್ನಿನಲ್ಲಿ ಬಾಂಬು ಬಿದ್ದ ಕಟ್ಟಡವೊಂದರ ಅವಶೇಷದಲ್ಲಿ ಸಿಕ್ಕಿತು. ಅಚ್ಚಾದದ್ದು 1963ರಲ್ಲಿ, ಪ್ರವಾಸ ಮುಗಿದು ಸರಿಯಾಗಿ ನೂರು ವರ್ಷಕ್ಕೆ. ಅಡಿಗೆಮನೆಯ ಲೆಕ್ಕದ ವಹಿಯ ಹಿಂದಿನ ಪುಟಗಳಲ್ಲಿ ನಮ್ಮ ಹೆಂಗಸರು ಬರೆದಿಟ್ಟು ರದ್ದಿಗೆ ಹೋದದ್ದು ಎಷ್ಟಿದೆಯೋ ಎಂದು ಇದನ್ನು ಓದುವಾಗ ನನಗನ್ನಿಸಿತ್ತು.

ಕುಕ್ ಕಂಪನಿ 1873ರಲ್ಲಿ ತನ್ನದೇ ಯುರೋಪಿನ ವೇಳಾಪಟ್ಟಿ ಹೊರಡಿಸಿತು. ಹತ್ತು ವರ್ಷಕ್ಕೆ ಅದು ಮಾಸಿಕವಾಯಿತು. ಅದೇ 1883ರಲ್ಲೇ ಓರಿಯಂಟ್ ಎಕ್ಸ್‌ಪ್ರೆಸ್ ಪ್ಯಾರಿಸ್ಸಿನಿಂದ ಕಾನ್‌ಸ್ಟಾಂಟಿನೋಪಲ್ಲಿಗೆ ಹೊರಟದ್ದು. ಹೆಸರಿಗೆ ಒಂದೇ ಗಾಡಿ. ನಿಜದಲ್ಲಿ ರುಮೇನಿಯಾದ ಜುರ್ಜುವಿನಲ್ಲಿ ಇಳಿದು, ಡ್ಯಾನ್ಯೂಬ್ ನದಿಯನ್ನು ದೋಣಿಯಲ್ಲಿ ದಾಟಿ, ಇನ್ನೊಂದು ಗಾಡಿಯಲ್ಲಿ ವಾರ್ನಾಕ್ಕೆ ಹೋಗಿ, ಅಲ್ಲಿಂದ ಹಡಗು ಹತ್ತಬೇಕಿತ್ತು. ಇಳಿಯದೆ ಕೊನೆತನಕ ಹೋಗುವ ಭಾಗ್ಯ ಬಂದದ್ದು 1889ರಲ್ಲಿ. ಮೀರಜಿನಲ್ಲಿ ಟ್ರಂಕು ಹೊತ್ತು ಓಡಿದವರಿಗೆ ಆ ಆರು ವರ್ಷಗಳ ಪ್ರಯಾಣಿಕರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಯುದ್ಧ ಬಂದಾಗ ಕುಕ್‌ನ ವೇಳಾಪಟ್ಟಿ ನಿಂತಿತು, ಮುಗಿದ ಮೇಲೆ ಮತ್ತೆ ಬಂತು. ಕೊನೆಗೆ ಕಂಪನಿಯೇ ಅದನ್ನು 2013ರ ಆಗಸ್ಟಿನಲ್ಲಿ ನಿಲ್ಲಿಸಿತು. ಅದನ್ನು ತಯಾರಿಸುತ್ತಿದ್ದ ನೌಕರರಲ್ಲೇ ಕೆಲವರು ಸ್ವಂತ ಸಂಸ್ಥೆ ಕಟ್ಟಿ 2014ರಲ್ಲಿ ಪುಸ್ತಕಕ್ಕೆ ಮರುಜೀವ ಕೊಟ್ಟರು. ತಮಾಷೆ ನೋಡಿ, ಕುಕ್ ಕಂಪನಿ 2019ರಲ್ಲಿ ದಿವಾಳಿಯೆದ್ದಿತು. ಅದು ಬೇಡವೆಂದು ಬಿಟ್ಟ ಪುಸ್ತಕ ಅದಕ್ಕಿಂತ ಹೆಚ್ಚು ಬಾಳಿತು.

ನಾನು ಮತ್ತು ನನ್ನ ತಂಗಿ ಲಂಡನ್ನಿನಿಂದ ವಿಯೆನ್ನಾಕ್ಕೆ ರೈಲಿನಲ್ಲಿ ಹೋಗುತ್ತೇವೆ ಎಂದಾಗ ನಮ್ಮೂರಿನ ಟ್ರಾವೆಲ್ ಏಜೆಂಟರೊಬ್ಬರು ನಕ್ಕರು. "ಅಕ್ಕಾರ, ಈ ವಯಸ್ಸಿನ್ಯಾಗ ಯಾಕ ಈ ತ್ರಾಸ? ವಿಮಾನದಾಗ ಎರಡು ತಾಸಿನ ದಾರಿ." ತಂಗಿಯ ಮಗ ಲಂಡನ್ನಿನಲ್ಲಿದ್ದಾನೆ, ನನ್ನ ಮಗಳು ವಿಯೆನ್ನಾದಲ್ಲಿದ್ದಾಳೆ. ಇಬ್ಬರೂ "ನಾವೇ ಬುಕ್ ಮಾಡ್ತೀವಿ, ನೀವು ಸುಮ್ನ ಬರ್ರಿ" ಎಂದರು. ಸುಮ್ಮನೆ ಬರುವುದನ್ನು ಬಹಳ ವರ್ಷ ಮಾಡಿಯಾಗಿದೆಯಲ್ಲ!

ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕೂರತೊಡಗಿದೆ. ಜರ್ಮನಿಯ ರೈಲ್ವೆಯ ಜಾಲತಾಣದಲ್ಲಿ ಯುರೋಪಿನ ಬಹುಪಾಲು ದೇಶಗಳ ಗಾಡಿಗಳ ವೇಳೆ ಸಿಗುತ್ತದೆ. ಆದರೆ ವೇಳೆ ಗೊತ್ತಾದ ಮಾತ್ರಕ್ಕೆ ದಾರಿ ಗೊತ್ತಾಗುವುದಿಲ್ಲ. ಅದಕ್ಕೆ ಇನ್ನೊಂದು ತಾಣ ಬೇಕಾಯಿತು. ಇಂಗ್ಲೆಂಡಿನ ರೈಲ್ವೆಯಲ್ಲಿ ಕೆಲಸ ಮಾಡಿದ್ದ ಮಾರ್ಕ್ ಸ್ಮಿತ್ ಎಂಬಾತ 2001ರಲ್ಲಿ ಹವ್ಯಾಸಕ್ಕೆಂದು ತೆರೆದದ್ದು. ಯೂರೋಸ್ಟಾರ್ ಗಾಡಿಯಲ್ಲಿ ತನಗೆ ಇಷ್ಟವಾದ ಆಸನದ ನಂಬರಿನಿಂದ 'ದಿ ಮ್ಯಾನ್ ಇನ್ ಸೀಟ್ 61' ಎಂದು ಹೆಸರಿಟ್ಟ. ಯಾವ ನಿಲ್ದಾಣದಿಂದ ಯಾವುದಕ್ಕೆ, ಟಿಕೇಟು ಎಲ್ಲಿ, ಬದಲಿಸಲು ಎಷ್ಟು ವೇಳೆ ಬೇಕು, ಕಿಟಕಿಯಲ್ಲಿ ಏನು ಕಾಣುತ್ತದೆ ಎಂದೆಲ್ಲ, ಹೋಗಿಬಂದ ಅಣ್ಣನೊಬ್ಬ ಕೂರಿಸಿಕೊಂಡು ಹೇಳಿದಂತೆ ಹೇಳುತ್ತಾನೆ.

ಮೊದಲ ತೊಡಕು ಪ್ಯಾರಿಸ್. ಲಂಡನ್ನಿನ ಗಾಡಿ ಬರುವುದು ಉತ್ತರದ ನಿಲ್ದಾಣಕ್ಕೆ, ಜ್ಯೂರಿಕ್‌ನ ಗಾಡಿ ಹೊರಡುವುದು ಲಿಯಾನ್ ನಿಲ್ದಾಣದಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಒಂದೊಂದು ಕಂಪನಿಯೂ ತನ್ನ ದಿಕ್ಕಿಗೆ ತನ್ನದೇ ನಿಲ್ದಾಣ ಕಟ್ಟಿಕೊಂಡದ್ದರ ಫಲ. ನೆಲದಡಿಯ ಲೋಕಲ್ ಗಾಡಿಯಲ್ಲಿ ಎರಡನೆಯ ಸ್ಟೇಶನ್ನಿಗೆ ಇಳಿದರಾಯಿತು. ಎರಡನೆಯ ತೊಡಕು ಟಿಕೇಟು. ಬೇರೆ ಬೇರೆಯಾಗಿ ಕೊಂಡ ಟಿಕೇಟುಗಳಾದರೆ, ಒಂದು ಗಾಡಿ ತಡವಾಗಿ ಇನ್ನೊಂದು ತಪ್ಪಿದಾಗ ಎರಡನೆಯವರು ಹೊಣೆ ಹೊರಲೇಬೇಕೆಂದಿಲ್ಲ. ಈ ವಿಷಯದಲ್ಲಿ ಕುಕ್‌ನ ಕಾಲವೇ ವಾಸಿಯಿತ್ತೋ ಏನೋ! ಆದ್ದರಿಂದ ಪ್ಯಾರಿಸ್ಸಿನಲ್ಲಿ ಎರಡೂವರೆ ತಾಸು ಬಿಡುವು ಇಟ್ಟೆ, ಜ್ಯೂರಿಕ್‌ನಲ್ಲಿ ಒಂದು ರಾತ್ರಿ ವಸತಿ. ಬ್ರಿಟನ್ನಿನ ವೀಸಾ ಬೇರೆ, ಯುರೋಪಿನ ಷೆಂಗೆನ್ ವೀಸಾ ಬೇರೆ. ಎರಡನೆಯದರ ಅರ್ಜಿಗೆ ನಾನೇ ಬರೆದ ಪಟ್ಟಿಯನ್ನು ಪ್ರಿಂಟ್ ಮಾಡಿಸಿ ಲಗತ್ತಿಸಿದೆ. ಎಡಗಡೆ ಊರು, ಬಲಗಡೆ ವೇಳೆ.

ಆ ಪಟ್ಟಿಯ ಒಂದು ಪ್ರತಿ ತಂಗಿಗೂ ಕೊಟ್ಟಿದ್ದೇನೆ, ಕೈಯಲ್ಲಿ ಇರಲಿ ಎಂದು. ಎರಡನೆಯ ದಿನದ್ದು ಜ್ಯೂರಿಕ್‌ನಿಂದ ವಿಯೆನ್ನಾಕ್ಕೆ ಸುಮಾರು ಎಂಟು ತಾಸಿನ ದಾರಿ. 1884ರಲ್ಲಿ ತೆರೆದ, ಹತ್ತು ಕಿಲೋಮೀಟರಿಗೂ ಉದ್ದದ ಆರ್ಲ್‌ಬರ್ಗ್ ಸುರಂಗ ಅದರಲ್ಲೇ ಬರುತ್ತದೆ. ಗಡಿಯ ಬುಕ್ಸ್ ಎಂಬಲ್ಲಿ ಗಾಡಿ ದಿಕ್ಕು ಬದಲಿಸುತ್ತದೆ, ಮುಂದೆ ಮುಖ ಮಾಡಿ ಕೂತವರು ಹಿಂದಕ್ಕೆ ಹೊರಟಂತಾಗುತ್ತದೆ. ಯಾವ ಆಸನ ಕಾಯ್ದಿರಿಸಲಿ ಎಂದು ಫೋನಿನಲ್ಲಿ ಕೇಳಿದೆ.

"ಎದುರುಬದುರು ಹಿಡಿ ಅಕ್ಕಾ. ಬುಕ್ಸಿನ ತನಕ ನೀ ಮುಂದ, ಆಮ್ಯಾಲೆ ನಾ ಮುಂದ" ಎಂದಳು.

ನಡುವೆ ಮೇಜಿರುವ ಎದುರುಬದುರು ಆಸನಗಳನ್ನೇ ಹಿಡಿದೆ. ಬುತ್ತಿ ಬಿಚ್ಚಲಿಕ್ಕೂ ಅನುಕೂಲ.