ಕಲಿಕಾ ನ್ಯೂನತೆಯ ಮಕ್ಕಳು: ಶಾಲೆ ಗುರುತಿಸುವ ಬಗೆ

ಗಾಲಿಕುರ್ಚಿಯಲ್ಲಿ ಬರುವ ಮಗುವಿನ ಅಗತ್ಯ ಶಾಲೆಗೆ ಮೊದಲ ದಿನವೇ ಕಾಣುತ್ತದೆ. ಚುರುಕಾಗಿ ಮಾತನಾಡಿಯೂ ಪಠ್ಯ ತೆರೆದೊಡನೆ ಅಕ್ಷರಗಳ ನಡುವೆ ತಡವರಿಸುವ ಮಗು ‘ದಡ್ಡ’, ‘ಸೋಮಾರಿ’ ಎನಿಸಿಕೊಂಡೇ ವರ್ಷಗಳನ್ನು ಕಳೆಯುತ್ತದೆ. ಡಿಸ್ಲೆಕ್ಸಿಯಾದಂತಹ ನಿರ್ದಿಷ್ಟ ಕಲಿಕಾ ನ್ಯೂನತೆಗೆ 1995ರ ಅಂಗವಿಕಲರ ಕಾಯ್ದೆಯಲ್ಲಿ ಸ್ಥಾನವೇ ಇರಲಿಲ್ಲ. 2016ರ ಕಾಯ್ದೆಯು ಅಂಗವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ವಿಸ್ತರಿಸಿದಾಗ ಅದೂ ಸೇರ್ಪಡೆಯಾಯಿತು.

ಗುರುತಿಸುವ ಕೆಲಸ ತರಗತಿಯಲ್ಲೇ ಆರಂಭವಾಗಬೇಕು. ಮೂರನೇ ತರಗತಿ ಅಥವಾ 8 ವರ್ಷ ವಯಸ್ಸು, ಇವೆರಡರಲ್ಲಿ ಯಾವುದು ಮೊದಲೋ ಆಗ ಶಿಕ್ಷಕರೇ ಪ್ರಾಥಮಿಕ ತಪಾಸಣೆ ನಡೆಸಬೇಕೆಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ತಿಳಿಸಿತ್ತು. ಶಿಕ್ಷಕರ ನೆರವಿಗಾಗಿ ಎನ್‌ಸಿಇಆರ್‌ಟಿ 2022ರಲ್ಲಿ ‘ಪ್ರಶಸ್ತ್’ ಎಂಬ ಮೊಬೈಲ್ ಆ್ಯಪ್ ಹೊರತಂದಿತು. ಕಾಯ್ದೆಯಲ್ಲಿರುವ 21 ನ್ಯೂನತೆಗಳ ಲಕ್ಷಣಗಳನ್ನು ಗಮನಿಸಿ ದಾಖಲಿಸುವ ಪಟ್ಟಿ ಅದರಲ್ಲಿದೆ.

ಆದರೆ ಶಿಕ್ಷಕರ ಗುರುತು ಅಂತಿಮ ನಿರ್ಣಯವಲ್ಲ. ಮೊದಲು ಕಣ್ಣು, ಕಿವಿಗಳ ದೋಷವಿಲ್ಲವೆಂಬುದು ವೈದ್ಯರಿಂದ ಖಚಿತವಾಗಬೇಕು. ಬಳಿಕ ಮನಶ್ಶಾಸ್ತ್ರಜ್ಞರು ಬುದ್ಧಿಮಟ್ಟವನ್ನು ಪರೀಕ್ಷಿಸಿ, ಓದು, ಬರಹ, ಲೆಕ್ಕಗಳಲ್ಲಿ ಮಗು ಎಲ್ಲಿ ಎಡವುತ್ತಿದೆ ಎಂಬುದನ್ನು ಅಳೆಯುತ್ತಾರೆ. ಇದಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಮಾಲೆಯನ್ನೇ 2018ರ ಮಾರ್ಗಸೂಚಿಯೂ ಸೂಚಿಸಿತ್ತು. ಕನ್ನಡ ಮಾಧ್ಯಮದ ಮಗುವನ್ನು ಇಂಗ್ಲಿಷ್ ಓದಿಸಿ ಅಳೆದರೆ ತಿಳಿಯುವುದು ಇಂಗ್ಲಿಷಿನ ಕೊರತೆಯಷ್ಟೇ.

ಸರ್ಕಾರಿ ಶಾಲೆಗಳಲ್ಲಿ ಈ ಹೊಣೆಯ ಬಹುಪಾಲು ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರಾದ ಬಿಐಇಆರ್‌ಟಿಗಳದ್ದು. ತಪಾಸಣಾ ಶಿಬಿರ, ಸಾಧನ ಸಲಕರಣೆಗಳ ವಿತರಣೆ, ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣ, ಹೀಗೆ ಅವರ ಕೆಲಸದ ಹರವು ದೊಡ್ಡದು. ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೆ, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂಬ ಅನುಪಾತವನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಸೂಚಿಸಿತು. ಶಾಲೆಯಿಂದ ಶಾಲೆಗೆ ಸುತ್ತುವ ಶಿಕ್ಷಕರಿಂದ ಅದು ಈಡೇರುವ ಮಾತಲ್ಲ.

ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಮುಂತಾದ ಸೌಲಭ್ಯಗಳನ್ನು 2016ರ ಕಾಯ್ದೆಯೇ ಹೆಸರಿಸಿದೆ. ಅನೇಕ ಪೋಷಕರಿಗೆ ಪ್ರಮಾಣಪತ್ರದ ನೆನಪಾಗುವುದು ಎಸ್ಸೆಸ್ಸೆಲ್ಸಿ ಹತ್ತಿರವಾದಾಗ. ಅಷ್ಟರಲ್ಲಿ ಮೂರನೇ ತರಗತಿ ಕಳೆದು ಆರೇಳು ವರ್ಷಗಳಾಗಿರುತ್ತವೆ. ಹೆಚ್ಚುವರಿ ಸಮಯ ಉತ್ತರ ಬರೆಯಲು ನೆರವಾಗುತ್ತದೆ, ಓದು ಕಲಿಸುವುದಿಲ್ಲ. ಅಕ್ಷರ ಮತ್ತು ಧ್ವನಿಯ ನಂಟನ್ನು ಬಿಡಿಬಿಡಿಯಾಗಿ ಹೇಳಿಕೊಡುವುದು, ಮೌಖಿಕ ಉತ್ತರವನ್ನೂ ಪರಿಗಣಿಸುವುದು, ಕಪ್ಪುಹಲಗೆಯ ಬರಹವನ್ನು ನಕಲು ಮಾಡುವ ಹೊರೆ ತಗ್ಗಿಸುವುದು, ಇವಾವುದಕ್ಕೂ ಶಿಕ್ಷಕರು ಪ್ರಮಾಣಪತ್ರಕ್ಕಾಗಿ ಕಾಯಬೇಕಾಗಿಲ್ಲ.