ಬೂಷ್ಟಿಗೆ ಕತ್ತಲೆಯೇ ಕಾರಣವೆ?

ಸಕಲೇಶಪುರದ ಬೆಳಗೋಡಿನ ಕಡೆ ಮುಂಗಾರು ಹಿಡಿದು ಕುಳಿತಾಗ ಸೂರ್ಯದರ್ಶನವೇ ದುರ್ಲಭ. ಆಗ ಹಪ್ಪಳ, ಒಣಮೆಣಸು, ಹುಣಿಸೆ ಎಲ್ಲಕ್ಕೂ ಬೂಷ್ಟು ಹಿಡಿಯುವುದು. “ಕತ್ತಲೆಯ ಮೂಲೆಯಲ್ಲಿಟ್ಟರೆ ಬಾರದೆ ಇದ್ದೀತೆ?” ಎಂದು ಹಿರಿಯರು ಕೇಳುವರು. ಆದರೆ ಅದೇ ಮನೆಯ ಒಲೆಯ ಮೇಲಣ ಅಟ್ಟವನ್ನು ನೆನೆಯೋಣ. ಹಗಲಿನಲ್ಲಿಯೂ ದೀಪ ಹಿಡಿದು ಹತ್ತಬೇಕಾದಷ್ಟು ಕತ್ತಲೆ. ಆದರೂ ಅಲ್ಲಿಟ್ಟ ಪದಾರ್ಥ ಕೆಡುತ್ತಿರಲಿಲ್ಲ. ಬೆಳಕು ಬೀಳುವ ಜಗಲಿಯಲ್ಲಿಟ್ಟುದೇ ಮೊದಲು ಹಸುರುಗಟ್ಟುತ್ತಿದ್ದಿತು. ಹಾಗಾದರೆ ದೋಷವೆಲ್ಲವನ್ನೂ ಕತ್ತಲೆಯ ಮೇಲೆ ಹೊರಿಸುವುದು ನ್ಯಾಯವೆ?

ಬೂಷ್ಟು ಕೊಳೆತ ವಸ್ತುವಿನಿಂದ ತಾನಾಗಿ ಹುಟ್ಟುವುದೆಂದು ಬಹುಕಾಲ ಪಂಡಿತರೂ ನಂಬಿದ್ದರು. ಫ್ಲಾರೆನ್ಸಿನ ಸಸ್ಯಶಾಸ್ತ್ರಜ್ಞ ಮಿಕೆಲಿಯು ಬೂಷ್ಟಿನ ಧೂಳನ್ನು ಕರ್ಬೂಜದ ಹೋಳುಗಳ ಮೇಲೆ ಬಿತ್ತಿ, ಅದು ಬೀಜದಿಂದ ಬೆಳೆಯುವುದೆಂದು 1729ರಲ್ಲಿ ಪ್ರಕಟಿಸಿದನು. ಗಿಡಮರಗಳು ಬೆಳಕಿನ ಬಲದಿಂದ ಆಹಾರವನ್ನು ಮಾಡಿಕೊಳ್ಳುವುವು. ಪತ್ರಹರಿತ್ತಿಲ್ಲದ ಬೂಷ್ಟು ಸಿದ್ಧಾನ್ನವನ್ನೇ ಉಣ್ಣುವುದರಿಂದ ಅದಕ್ಕೆ ಬೆಳಕಿನ ಹಂಗಿಲ್ಲ. ಹಂಗಿಲ್ಲವೆಂದರೆ ಅರಿವಿಲ್ಲವೆಂದಲ್ಲ. 1842ರಲ್ಲಿ ಪ್ಯಾರಿಸಿನ ಸೈನ್ಯದ ರೊಟ್ಟಿಗೆ ಹತ್ತಿ ಗಾಬರಿಯೆಬ್ಬಿಸಿದ ಕಿತ್ತಳೆ ಬೂಷ್ಟಿಗೆ ಈಗ ನ್ಯೂರೋಸ್ಪೋರವೆಂದು ಹೆಸರು. ಕತ್ತಲೆಯಲ್ಲಿ ಅದರ ನೂಲು ಬಿಳುಪಾಗಿರುವುದು. ನೀಲಿ ಬೆಳಕು ಸೋಕಿದರೆ ಬಣ್ಣ ತಳೆಯುವುದು. ಆಸ್ಪರ್ಜಿಲಸ್ ವರ್ಗದ ಕೆಲವು ಬೂಷ್ಟುಗಳು ಬೆಳಕಿನಲ್ಲಿ ಧೂಳುಬೀಜಗಳನ್ನು ಹೆಚ್ಚಾಗಿ ಬಿಡುವುವು. ಬೆಳಕು ಬೂಷ್ಟಿನ ವೇಷವನ್ನು ಬದಲಿಸೀತು, ಊಟವನ್ನು ತಪ್ಪಿಸದು.

ಊಟವನ್ನು ತಪ್ಪಿಸುವುದು ಯಾವುದು? ನಮ್ಮ ಮಲೆನಾಡಿನ ಅಡಕೆಯ ತೋಟಿಗರು ಇದನ್ನು ತಮ್ಮ ರೀತಿಯಲ್ಲಿ ಕಂಡುಕೊಂಡಿದ್ದರು. ಮೈಸೂರು ಸರ್ಕಾರದ ಸೇವೆಗೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನರು ಕೊಳೆರೋಗವನ್ನು ಪರಿಶೋಧಿಸಿ, 1910ರಲ್ಲಿ ವರದಿಯಿತ್ತು, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಅದಕ್ಕೂ ಮೊದಲೇ ತೋಟಿಗರು ಮಳೆಗಾಲದಲ್ಲಿ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಕೊಳೆರೋಗದ ಜೀವಿಯನ್ನು ಇಂದಿನ ಶಾಸ್ತ್ರಜ್ಞರು ನಿಜವಾದ ಶಿಲೀಂಧ್ರಗಳಿಂದ ಬೇರೆಯಾಗಿ ಎಣಿಸುವರಾದರೂ ಪಾಠವೊಂದೇ. ಕೊಟ್ಟೆಯೊಳಗೆ ಬೆಳಕು ಕಡಿಮೆ. ಕತ್ತಲೆಯೇ ಶತ್ರುವಾಗಿದ್ದರೆ ಆ ಗೊನೆಯೇ ಮೊದಲು ಕೊಳೆಯಬೇಕಾಗಿತ್ತು. ಅದನ್ನು ಉಳಿಸಿದುದು ಮಳೆಯ ನೀರು ತಾಗದಿದ್ದುದು.

ಈ ವಿವೇಚನೆ ಬರಿಯ ಪಾಂಡಿತ್ಯವಲ್ಲ. 1974ರಲ್ಲಿ ಗುಜರಾತ್ ರಾಜಸ್ಥಾನಗಳ ಹಳ್ಳಿಗಳಲ್ಲಿ, ಅಕಾಲದ ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳವನ್ನುಂಡು ನೂರಕ್ಕೂ ಹೆಚ್ಚು ಮಂದಿ ಮಡಿದರು. ಕೊಂದುದು ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ. ಬೂಷ್ಟು ಬಂದ ಧಾನ್ಯವನ್ನು ಬಿಸಿಲಿಗೆ ಹರಡಿ, ಕೊಡವಿ, ಶುದ್ಧವಾಯಿತೆಂದು ಒಳಗೆ ತರುವುದು ಅಪಾಯಕರ. ಕಣ್ಣಿಗೆ ಕಾಣುವ ಹಸುರು ಹೋದೀತು. ಕಾಣದ ವಿಷವು ಉಳಿದೀತು. ಬೇಯಿಸಿದರೂ ಪೂರ್ತಿಯಾಗಿ ನಾಶವಾಗದು. ಬಿಸಿಲು ಬೇಕಾದುದು ಬೂಷ್ಟು ಬಂದ ಮೇಲಲ್ಲ, ಬರುವ ಮೊದಲು. ಭತ್ತದಲ್ಲಿ ನೀರಿನಂಶವು ನೂರಕ್ಕೆ 14 ಭಾಗಕ್ಕಿಂತ ಕಡಿಮೆಯಾಗುವಂತೆ ಒಣಗಿಸಿಟ್ಟರೆ, ಕಣಜದೊಳಗಿನ ಕತ್ತಲೆಗೆ ಅಂಜಬೇಕಾಗಿಲ್ಲ.

ಅಟ್ಟವನ್ನು ಕಾದುದು ಒಲೆಯ ಶಾಖ, ಹೊಗೆ. ಈಗ ಅನಿಲದ ಒಲೆ ಬಂದು ಸೌದೆ ಮರೆಯಾದ ಮನೆಗಳಲ್ಲಿ ಅಟ್ಟವು ಕತ್ತಲೆಯಾಗಿಯೇ ಇದೆ, ಒಣಗಿ ಉಳಿದಿಲ್ಲ. ಹಿರಿಯರು ಇಟ್ಟ ಜಾಗದಲ್ಲಿಯೇ ಇಟ್ಟೆವಲ್ಲಾ ಎಂದು ನಾವು ನಿಶ್ಚಿಂತರಾಗಬಾರದು. ಆ ಜಾಗವನ್ನು ಒಣಗಿಸುತ್ತಿದ್ದ ಬೆಂಕಿ ಆರಿದೆಯೆಂಬುದನ್ನು ಮರೆಯಬಾರದು.