ಆರು ತಿಂಗಳ ಲೆಕ್ಕ

ಬ್ಯಾಂಕಿನಲ್ಲಿ ಇಷ್ಟು ವರ್ಷ ಕೂತವರಿಗೆ ಒಂದು ತರಹದ ಎಫ್‌ಡಿ ರಸೀದಿ ದೂರದಿಂದಲೇ ಗುರುತು ಸಿಗುತ್ತದೆ. ಕೋರ್ಟಿನ ಅನುಮತಿ ಇಲ್ಲದೆ ಅವಧಿಗೆ ಮುಂಚೆ ಮುರಿಯುವಂತಿಲ್ಲ, ಅದರ ಮೇಲೆ ಸಾಲ ಕೊಡುವಂತಿಲ್ಲ ಅಂತ ಅದರ ಮೇಲೆ ಬರೆದಿರುತ್ತದೆ. ತರುವವರು ಹೆಚ್ಚಾಗಿ ಹೆಂಗಸರು, ಜೊತೆಯಲ್ಲಿ ಶಾಲೆಗೆ ಹೋಗುವ ಮಗು. ರಸ್ತೆ ಅಪಘಾತದ ಪರಿಹಾರದ ದುಡ್ಡು ಅದು. ಅನಕ್ಷರಸ್ಥರ ಕೈಗೆ ಬಂದ ಹಣ ಯಾರ ಪಾಲೂ ಆಗದಿರಲಿ ಎಂದು ಇಂಥ ಠೇವಣಿಯ ದಾರಿಯನ್ನು ಸುಪ್ರೀಂ ಕೋರ್ಟು 1993ರಲ್ಲಿ ಸುಸಮ್ಮ ಥಾಮಸ್ ಮೊಕದ್ದಮೆಯಲ್ಲಿ ಹೇಳಿತು.

ಈ ರಸೀದಿ ನೋಡಿದಾಗಲೆಲ್ಲ ನನಗೆ ನೆನಪಾಗುವುದು, ಅದು ಸಿಗದೇ ಹೋದ ಒಬ್ಬ ಅಕ್ಕ.

1991ರ ಮಾತು. ಆಗಷ್ಟೇ ಬಿ.ಕಾಂ. ಮುಗಿಸಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಡೊಂಬಿವಲಿಯ ಒಂದು ಚಾಳಿನಲ್ಲಿದ್ದೆ. ಪಕ್ಕದ ಖೋಲಿಯಲ್ಲಿ ಶೆಟ್ಟರ ಸಂಸಾರ. ಅವರು ಹೋಟೆಲಿನಲ್ಲಿ ಕ್ಯಾಶಿಯರ್. ಮಳೆಗಾಲಕ್ಕೆ ಮುಂಚೆ ಊರಿಗೆ ಹೋದವರು ಕುಂದಾಪುರದ ಹತ್ತಿರ ರಸ್ತೆ ಬದಿಯಲ್ಲಿ ನಿಂತಿದ್ದಾಗ ಕಾರೊಂದು ಬಡಿದು ತೀರಿಕೊಂಡರು. ವಯಸ್ಸು ಮೂವತ್ತೆಂಟು, ಇಬ್ಬರು ಸಣ್ಣ ಮಕ್ಕಳು. ಕ್ರಿಯೆ, ಸಾಲ, ಮಕ್ಕಳ ಶಾಲೆ ಇವುಗಳಲ್ಲೇ ಒಂದೂವರೆ ವರ್ಷ ಕಳೆಯಿತು. ಆಮೇಲೆ ಯಾರೋ ಹೇಳಿದರೆಂದು ಅಕ್ಕ ಒಬ್ಬ ವಕೀಲರ ಹತ್ತಿರ ಹೋದರು, ಜೊತೆಗೆ ನಾನೂ ಹೋಗಿದ್ದೆ. "ತಡ ಆಯ್ತಲ್ಲಮ್ಮ, ಅದೂ ಅಲ್ಲದೆ ಕೇಸು ಅಪಘಾತ ಆದ ಕಡೆಯೇ ಹಾಕಬೇಕು" ಎಂದು ಅವರು ಎರಡೇ ಮಾತಿನಲ್ಲಿ ಮುಗಿಸಿದರು. ಅವರು ಹೇಳಿದ್ದು ಅಂದಿನ ಕಾನೂನಿನ ಪ್ರಕಾರ ಸರಿಯೇ ಇತ್ತು.

ಆ ಕಾನೂನು ಎಲ್ಲಿಂದ ಬಂತು ಅಂತ ನಾನು ಓದಿದ್ದು ಬಹಳ ತಡವಾಗಿ. 1855ರ ಫೇಟಲ್ ಆಕ್ಸಿಡೆಂಟ್ಸ್ ಆಕ್ಟ್ ಬಂದಾಗ ನಮ್ಮ ದೇಶದಲ್ಲಿ ಮೋಟಾರು ಕಾರೇ ಇರಲಿಲ್ಲ. ಇನ್ನೊಬ್ಬರ ತಪ್ಪಿನಿಂದ ಸತ್ತವನ ಹೆಂಡತಿ ಮಕ್ಕಳು ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಬಹುದು ಅಂತ ಅದು ಹೇಳಿತು. ಅಂದರೆ ವಕೀಲ, ಕೋರ್ಟ್ ಫೀ, ಸಾಕ್ಷಿ, ವರ್ಷಗಟ್ಟಲೆ ಅಲೆದಾಟ. 1914ರಲ್ಲಿ ಇಡೀ ದೇಶಕ್ಕೆ ಮೊದಲ ಮೋಟಾರು ವಾಹನ ಕಾಯಿದೆ, 1939ರಲ್ಲಿ ಎರಡನೆಯದು. ಅದರ ಕಡ್ಡಾಯ ವಿಮೆಯ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಿಂದ. 1956ರ ತಿದ್ದುಪಡಿಯಲ್ಲಿ ಸಿವಿಲ್ ಕೋರ್ಟಿನ ಬದಲು ಮೋಟಾರು ಅಪಘಾತ ಪರಿಹಾರ ಟ್ರಿಬ್ಯೂನಲ್‌ಗಳಿಗೆ ದಾರಿಯಾಯಿತು. ದಾವೆ ಹೋಗಿ ಅರ್ಜಿ ಬಂತು. ಬಡವರಿಗೆ ಅದು ದೊಡ್ಡ ಉಪಕಾರವೇ. ಆದರೆ ಅರ್ಜಿಗೆ ಮೊದಲು ಅರವತ್ತು ದಿನದ, ಆಮೇಲೆ ಆರು ತಿಂಗಳ ಗಡುವು. ತಡಕ್ಕೆ ಸರಿಯಾದ ಕಾರಣ ಕೊಟ್ಟರೆ ಟ್ರಿಬ್ಯೂನಲ್ ಮನ್ನಿಸಬಹುದಿತ್ತು.

ಅರ್ಜಿ ಸುಲಭವಾದರೂ ತಪ್ಪು ಯಾರದೆಂದು ತೋರಿಸುವ ಹೊರೆ ತಪ್ಪಲಿಲ್ಲ. 1977ರಲ್ಲಿ ಮಿನು ಮೆಹ್ತಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಚಾಲಕನ ನಿರ್ಲಕ್ಷ್ಯ ಸಾಬೀತಾಗಲೇಬೇಕು ಅಂದಿತು. 1982ರಲ್ಲಿ ಸಂಸತ್ತು ಸ್ವಲ್ಪ ಸಡಿಲ ಮಾಡಿ, ತಪ್ಪು ಯಾರದೇ ಇರಲಿ, ಸತ್ತರೆ 15,000, ಶಾಶ್ವತವಾಗಿ ಅಂಗ ಊನವಾದರೆ 7,500 ರೂಪಾಯಿ ಮೊದಲು ಕೊಡಿ ಎಂದಿತು. ಉಳಿದದ್ದಕ್ಕೆ ಕೇಸು ಮುಂದುವರಿಸಬಹುದಿತ್ತು.

ಇಂದಿನ 1988ರ ಕಾಯಿದೆ ಜಾರಿಯಾದದ್ದು 1989ರ ಜುಲೈ 1ರಂದು. ಅದು ಗಡುವನ್ನು ಬಿಗಿ ಮಾಡಿತು. ಆರು ತಿಂಗಳು, ಬಹಳ ಎಂದರೆ ಹನ್ನೆರಡು. ಅದರಾಚೆ ಮನ್ನಿಸುವ ಅಧಿಕಾರ ಯಾರಿಗೂ ಇಲ್ಲ. ನಮ್ಮ ಅಕ್ಕ ಸಿಕ್ಕಿಹಾಕಿಕೊಂಡದ್ದು ಇದರಲ್ಲಿ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. 1994ರ ನವೆಂಬರ್ 14ರಿಂದ ತಿದ್ದುಪಡಿ ಬಂದು ಗಡುವು ಪೂರ್ತಿ ಹೋಯಿತು. ಅರ್ಜಿಯನ್ನು ಅಪಘಾತದ ಊರಿನಲ್ಲೇ ಅಲ್ಲ, ಅರ್ಜಿದಾರರು ಇರುವ ಊರಿನಲ್ಲೂ ಹಾಕಬಹುದು ಅಂತಾಯಿತು. ನಮ್ಮಂತೆ ಊರು ಬಿಟ್ಟವರಿಗೆ ಇದೆಷ್ಟು ದೊಡ್ಡ ಮಾತು ನೋಡಿ. ಕುಂದಾಪುರದ ಅಪಘಾತಕ್ಕೆ ಠಾಣೆಯಲ್ಲೇ ಅರ್ಜಿ! 1996ರಲ್ಲಿ ಧನ್ನಾಲಾಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹಳೆಯ ಅಪಘಾತಗಳಿಗೂ ಇದರ ಲಾಭ ಸಿಗಬೇಕು ಎಂದಿತು. ಅಲ್ಲಿ 1990ರ ಡಿಸೆಂಬರಿನ ಅಪಘಾತಕ್ಕೆ ಅರ್ಜಿ ಹಾಕಿದ್ದು ಹನ್ನೆರಡು ತಿಂಗಳ ಮೇಲೆ ಕೆಲವೇ ದಿನ ತಡವಾಗಿ. ಇತ್ತ 1995ರಲ್ಲಿ ಜಾರಿಗೆ ಬಂದ ಕಾನೂನು ಸೇವೆಗಳ ಕಾಯಿದೆಯಲ್ಲಿ ಹೆಂಗಸರಿಗೆ ಆದಾಯದ ಲೆಕ್ಕವಿಲ್ಲದೆ ಪುಕ್ಕಟೆ ವಕೀಲರ ನೆರವಿದೆ.

ಅಂದರೆ 1996ರ ಹೊತ್ತಿಗೆ ಅಕ್ಕನಿಗೆ ಬಾಗಿಲು ತೆರೆದಿತ್ತು, ಊರು ಹತ್ತಿರವಿತ್ತು, ವಕೀಲರೂ ಪುಕ್ಕಟೆ. ಇದನ್ನು ಅವರಿಗೆ ಹೇಳುವವರು ಒಬ್ಬರೂ ಇರಲಿಲ್ಲ. ದಿನಾ ಪೇಪರ್ ಓದುತ್ತಿದ್ದ ನನಗೂ ಗೊತ್ತಿರಲಿಲ್ಲ. ನಾನು ತಿಳಿದುಕೊಂಡದ್ದು 2003ರಲ್ಲಿ, ಶಾಖೆಗೆ ಇಂಥ ಠೇವಣಿಗಳು ಬರಲು ಶುರುವಾದ ಮೇಲೆ. ಅಷ್ಟರಲ್ಲಿ ಅಕ್ಕ ಊರಿಗೆ ಹೋಗಿ ಬೀಡಿ ಕಟ್ಟಿ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ್ದರು. ಫೋನ್ ಮಾಡಿ ಹೇಳಿದೆ. "ಕಾಗದ ಒಂದೂ ಇಲ್ಲ ಮಾರಾಯ್ರೆ. ಇನ್ನು ಯಾಕೆ, ಬಿಡಿ" ಎಂದರು. ಆ "ಬಿಡಿ" ಈಗಲೂ ಕಿವಿಯಲ್ಲಿದೆ.

ಈ ಹಳೆಯ ಕತೆ ಇವತ್ತು ಯಾಕೆ ಅಂದರೆ, ಆರು ತಿಂಗಳ ಗಡುವು ಮತ್ತೆ ಬಂದಿದೆ. 2019ರ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ತಡವಾಯಿತೆಂಬ ಕಾರಣಕ್ಕೆ ಅರ್ಜಿ ತಳ್ಳಿಹಾಕಬೇಡಿ ಎಂದು 2025ರ ನವೆಂಬರಿನಲ್ಲಿ ಕೋರ್ಟು ಮಧ್ಯಂತರವಾಗಿ ಹೇಳಿದೆ. ಅದನ್ನು ನಂಬಿ ಕೂರುವುದು ಜಾಣತನವಲ್ಲ.

ಇನ್ನೊಂದು ಮುಖ್ಯ ಬದಲಾವಣೆ ಇದೆ. ತಪ್ಪು ಸಾಬೀತು ಮಾಡದೆ ಸಿಗುವ ಮೊತ್ತ ಈಗ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ವಿಮಾ ಕಂಪನಿಯ ಅಧಿಕಾರಿ 30 ದಿನದಲ್ಲಿ ತಾವೇ ಮೊತ್ತ ಮುಂದಿಡಬೇಕು. ಒಳ್ಳೆಯದೇ. ಆದರೆ 1982ರ ಹಣದ ಹಾಗಲ್ಲ ಇದು. ಒಪ್ಪಿ ತೆಗೆದುಕೊಂಡರೆ ಟ್ರಿಬ್ಯೂನಲ್ಲಿನ ಅರ್ಜಿ ಅಲ್ಲಿಗೆ ಮುಗಿಯಿತು.

ನಮ್ಮ ಬ್ಯಾಂಕಿನವರ ಅಭ್ಯಾಸದಂತೆ ಲೆಕ್ಕ ಹಾಕಿ ತೋರಿಸುತ್ತೇನೆ. ಶೆಟ್ಟರಂಥವರೊಬ್ಬರಿಗೆ ಇಂದು ತಿಂಗಳಿಗೆ 20,000 ಸಂಬಳ ಎನ್ನಿ, ವರ್ಷಕ್ಕೆ 2,40,000. ನಲವತ್ತರೊಳಗಿನ ಖಾಸಗಿ ನೌಕರನಿಗೆ ಮುಂದಿನ ಏರಿಕೆಯೆಂದು ನೂರಕ್ಕೆ 40 ಸೇರಿಸಿ ಅಂತ 2017ರ ಪ್ರಣಯ್ ಸೇಠಿ ತೀರ್ಪು. ಅದು 3,36,000. ಹೆಂಡತಿ, ಇಬ್ಬರು ಮಕ್ಕಳಿದ್ದರೆ ಅವರ ಸ್ವಂತ ಖರ್ಚೆಂದು ಮೂರನೇ ಒಂದು ಪಾಲು ಕಳೆಯಿರಿ, 2,24,000. ಮೂವತ್ತೆಂಟು ವಯಸ್ಸಿಗೆ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ ಗುಣಕ 15. ಒಟ್ಟು 33,60,000. ಚಾಲಕನ ತಪ್ಪು ಸಾಬೀತಾದರೆ ಇಷ್ಟು. 5 ಲಕ್ಷಕ್ಕೂ ಇದಕ್ಕೂ ಇರುವ ಅಂತರ ನೀವೇ ನೋಡಿ.

ಹಾಗಾದರೆ ವಕೀಲರು ಯಾವಾಗ ಬೇಕು? ಬಂಪರ್ ಜಜ್ಜಿದ್ದು, ಬಾಗಿಲು ಗೀಚಿದ್ದಕ್ಕೆಲ್ಲ ಬೇಡ, ನಿಮ್ಮದೇ ವಿಮೆಯ ಕ್ಲೇಮ್ ಫಾರಂ ಸಾಕು. ಸಾವಾದರೆ, ಕೈಕಾಲು ಮೊದಲಿನಂತಾಗದಿದ್ದರೆ, ಕಂಪನಿಯವರು ಲೈಸೆನ್ಸ್ ಇರಲಿಲ್ಲ, ತಪ್ಪು ನಿಮ್ಮದೇ ಎಂದೆಲ್ಲ ತೆಗೆದರೆ ಬೇಕೇ ಬೇಕು. ಅದೂ ಮೊತ್ತ ಒಪ್ಪಿ ಸಹಿ ಹಾಕುವ ಮುಂಚೆ. ಆಸ್ಪತ್ರೆಯ ಬಾಗಿಲಲ್ಲೇ ವಕಾಲತ್ತಿಗೆ ಸಹಿ ಕೇಳುವವರನ್ನು ಬಿಟ್ಟು, ನಿಮಗೆ ಗೊತ್ತಿದ್ದವರನ್ನು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. 2022ರ ನಿಯಮದಂತೆ ಪೊಲೀಸರು ಮೊದಲ ವರದಿಯನ್ನು 48 ಗಂಟೆಯೊಳಗೆ, ವಿವರವಾದದ್ದನ್ನು 90 ದಿನದೊಳಗೆ ಟ್ರಿಬ್ಯೂನಲ್‌ಗೆ ಕೊಡಬೇಕು. ಕೊಟ್ಟರೇ ಎಂದು ವಿಚಾರಿಸಿ. ಎಫ್‌ಐಆರ್, ಮರಣೋತ್ತರ ವರದಿ, ಆಸ್ಪತ್ರೆ ಬಿಲ್ಲು, ಸಂಬಳದ ಚೀಟಿ ಒಂದು ಫೈಲಿನಲ್ಲಿಡಿ.

ನಿಮ್ಮ ಸೊಸೈಟಿಯಲ್ಲೋ ಸಂಘದಲ್ಲೋ ಯಾರ ಮನೆಯಲ್ಲಾದರೂ ಇಂಥ ದುಃಖ ಬಂದಿದ್ದರೆ ಸಾಂತ್ವನ ಹೇಳಿ ಬರಬೇಡಿ, ತಾರೀಕು ಕೇಳಿ. ಅಪಘಾತ ಯಾವತ್ತು ಆಯಿತು, ಆರು ತಿಂಗಳು ಎಂದಿಗೆ ಮುಗಿಯುತ್ತದೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಟ್ಟು ಬನ್ನಿ. 1991ರಲ್ಲಿ ನಾನು ಮಾಡಬೇಕಾಗಿದ್ದ ಕೆಲಸ ಅದು.